ಬೆನ್ನು ತಿರುಗಿಸಿ ನಿಲ್ಲುವ ಪಾಸ್‌ವರ್ಡ್‌ಬಾಯಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ನಾಸಿಕದ ಅಂಬಡ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಮೊದಲ ಪಾಳಿಯ ಭೋಂಗಾ ಕೂಗಲು ಸಮಯವಿದೆ. ಆಫೀಸಿನ ಹಾಲ್‌ನಲ್ಲಿ ಒಂದೇ ಟ್ಯೂಬ್‌ಲೈಟು ಉರಿಯುತ್ತಿದೆ. ಅದರ ಕೆಳಗೆ ಒಬ್ಬ ಹೆಂಗಸು ಹಳೆಯ ಸೀರೆಯ ತುಂಡು ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತ ಕಂಪ್ಯೂಟರಿನ ಕೀಬೋರ್ಡುಗಳನ್ನು ಒರೆಸುತ್ತಿದ್ದಾರೆ. ಸ್ವಚ್ಛತೆಯ ಕೆಲಸದವರಿರಬೇಕು ಎಂದುಕೊಂಡು ನಾನು ಅವರನ್ನೇ ಕೇಳುತ್ತೇನೆ, ಸುಭದ್ರಾ ಮೇಡಂ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು.

"ಬಂದಾರಲ್ರಿ," ಎನ್ನುತ್ತಾರೆ ಅವರು, ಒರೆಸುವುದನ್ನು ನಿಲ್ಲಿಸದೆ. "ಚಪ್ಪಲಿ ಅಲ್ಲೇ ಬಿಡ್ರಿ. ಈಗಷ್ಟೇ ಫರಸಿ ಒರಸ್ಯಾರ."

ಸುಭದ್ರಾ ಇವರೇ ಎಂದು ತಿಳಿದು ಶುರುವಿನಲ್ಲೇ ಪೆಚ್ಚಾದ ನಾನು ಚಪ್ಪಲಿ ಬಿಟ್ಟು ಅವರ ಹಿಂದೆ ನಡೆಯುತ್ತೇನೆ. ಕಿಟಕಿ ಪಕ್ಕದ ಒಂದು ಮೇಜಿನ ಮುಂದೆ ನಿಂತು ಕೀಬೋರ್ಡನ್ನು ಒರೆಸಲು ಎತ್ತಿಕೊಳ್ಳುತ್ತಾರೆ. ಅದು ಒಬ್ಬ ಮೇಲ್ವಿಚಾರಕರ ಕಂಪ್ಯೂಟರು. ಆ ಮನುಷ್ಯ ದಿನವಿಡೀ ಮೌಸ್ ಹಿಡಿದೇ ಕೆಲಸ ಮಾಡುತ್ತಾರಂತೆ, ಗುಂಡಿ ಒತ್ತುವುದು ಪಾಸ್‌ವರ್ಡ್ ಹೊಡೆಯುವಾಗ ಮಾತ್ರ. ಅಷ್ಟೂ ಗುಂಡಿಗಳಲ್ಲಿ ನಾಲ್ಕೈದು ಮಾತ್ರ ಹಳದಿಯಾಗಿವೆ.

"ಇಲ್ಲಿ ಮುಂಜಾನೆ ಎಲ್ಲಾರೂ ಪೋಹೆ, ಅಂದ್ರ ಅರಿಶಿಣದ ಅವಲಕ್ಕಿ ತಿಂತಾರ್ರಿ. ಅದೇ ಕೈಲೆ ಬಂದು ಪಾಸ್‌ವರ್ಡ್ ಹೊಡೀತಾರ. ಯಾವ ಬಟನ್ ಹಳದಿ ಆಗ್ಯಾವ ನೋಡಿದ್ರ ಮುಗೀತು, ಅರ್ಧ ಬಾಗಿಲಾ ತೆರದಂಗ. ನಾನೂ ನೋಡಬಾರದು, ಮಂದೀನೂ ನೋಡಬಾರದು. ಅದಕ್ಕ ಒರಸ್ತೀನಿ," ಎನ್ನುತ್ತಾರೆ ಸುಭದ್ರಾ. ಹೇಳಿ, ಅವರು ನಿಜವಾಗಿಯೂ ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಒರೆಸುತ್ತಾರೆ.

ಒರೆಸುವುದರ ಜೊತೆಗೆ ಇನ್ನೂ ಎರಡು ಕೆಲಸ ನಡೆಯುತ್ತವೆ. ಕೀಬೋರ್ಡನ್ನು ಎತ್ತಿ ಅಡಿಯಲ್ಲಿ ಚೀಟಿ ಇದೆಯೇ ಎಂದು ಬೆರಳಿನಿಂದ ತಡವುತ್ತಾರೆ. ಸಿಕ್ಕರೆ ಮಗುಚಿ ಹಿಡಿದು, ಓದದೆ ಹರಿದು ಚೀಲಕ್ಕೆ ಹಾಕುತ್ತಾರೆ. ಆ ಜಾಗದಲ್ಲಿ ತಮ್ಮದೊಂದು ಚೀಟಿ ಇಡುತ್ತಾರೆ. "ಬೀಗದಕೈ ಬಾಗಿಲಲ್ಲೇ ಬಿಟ್ಟು ಹೋಗಿದ್ದೀರಿ" ಎಂದು ಅದರಲ್ಲಿ ಮರಾಠಿಯಲ್ಲಿ ಬರೆದಿದೆ. ಮರೆತು ಬಿಟ್ಟುಹೋದ ಪೆನ್‌ಡ್ರೈವ್‌ಗಳನ್ನು ಕಿತ್ತು ಸ್ಟೀಲ್ ಡಬ್ಬಿಗೆ ಹಾಕುತ್ತಾರೆ. ಅದು ಬೇಕಾದವರು ತಾವೇ ಬಂದು ಕೇಳಬೇಕು. ಕೊಡುವ ಮುನ್ನ, ಬೇರೆ ಯಾವುದಕ್ಕೂ ಜೋಡಿಸದ ಒಂದು ಹಳೆಯ ಕಂಪ್ಯೂಟರಿಗೆ ಹಾಕಿ ಅದರಲ್ಲಿ ವೈರಸ್ ಇದೆಯೇ ಎಂದು ನೋಡುತ್ತಾರೆ. ಭೋಂಗಾ ಕೂಗುವ ಹೊತ್ತಿಗೆ ಸೀರೆಯ ತುಂಡು ಮೇಜಿನ ಖಾನೆ ಸೇರುತ್ತದೆ, ಸುಭದ್ರಾ ಕೈ ತೊಳೆದು ಕುರ್ಚಿಯಲ್ಲಿ ಕೂರುತ್ತಾರೆ.

ಕಾರ್ಖಾನೆಯ ಹೆಸರು ಬರೆಯಬಾರದು ಎಂಬ ಷರತ್ತಿನ ಮೇಲೆ ಮಾಲೀಕರು ನನ್ನನ್ನು ಒಳಗೆ ಬಿಟ್ಟಿದ್ದಾರೆ. ಗಾಡಿಗಳಿಗೆ ಬೇಕಾದ ಹಿತ್ತಾಳೆಯ, ಉಕ್ಕಿನ ಸಣ್ಣ ಬಿಡಿಭಾಗಗಳು ಇಲ್ಲಿ ತಯಾರಾಗುತ್ತವೆ. ಇದರದೇ ಇನ್ನೊಂದು ಘಟಕ ಔರಂಗಾಬಾದಿನ ವಾಳೂಜದಲ್ಲಿದೆ. ಎರಡೂ ಕಡೆಯ ನೌಕರರು ಕಂಪ್ಯೂಟರನ್ನು ಹುಷಾರಾಗಿ ಬಳಸುವಂತೆ ನೋಡಿಕೊಳ್ಳುವುದು ಸುಭದ್ರಾ ಅವರ ಕೆಲಸ. ಕೊರಳಿಗೆ ನೇತುಹಾಕಿಕೊಂಡ ಕಾರ್ಡಿನಲ್ಲಿ ಮಾತ್ರ 'ಆಫೀಸ್ ಸಹಾಯಕಿ' ಎಂದಷ್ಟೇ ಇದೆ. ಅವರನ್ನು ಆ ಹೆಸರಿನಿಂದ ಕರೆಯುವವರು ಯಾರೂ ಇಲ್ಲ. ಕ್ಯಾಂಟೀನಿನವನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಅವರು ಪಾಸ್‌ವರ್ಡ್‌ಬಾಯಿ.

ನಾನು ಬಂದಿರುವುದು 2016ರ ದಸರಾ ಎದುರಿಗಿರುವಾಗ. ಈ ವಾರ ಪಾಸ್‌ವರ್ಡ್‌ಬಾಯಿಯ ತಲೆಯಲ್ಲಿ ಒಂದೇ ವಿಷಯ ಓಡುತ್ತಿದೆ. ವಾಳೂಜದ ವಿಶ್ವನಾಥಪ್ಪನವರಿಗೆ ಐದು ವರ್ಷಗಳ ಮೇಲೆ ಮತ್ತೆ ಕಂಪ್ಯೂಟರು ಸಿಗಲಿದೆ. ಅದನ್ನು ಕೊಡಿಸಿದವರು ಸುಭದ್ರಾ. ಏನಾದರೂ ಎಡವಟ್ಟಾದರೆ ಉತ್ತರ ಕೊಡಬೇಕಾದವರೂ ಅವರೇ.

ಸುಭದ್ರಾ ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವರು. ಮದುವೆಯಾಗಿ ಓಝರಿಗೆ ಬಂದರು. ಗಂಡ ಲಿಂಗರಾಜು ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞ. ಸುಭದ್ರಾ ಪಿಯುಸಿ ಮುಗಿಸಿದ್ದರು, ಜೊತೆಗೆ ಟೈಪಿಂಗ್ ಗೊತ್ತಿತ್ತು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಅಂಬಡದಲ್ಲಿ ಸ್ಟಾಕಿನ ವಿವರ ಕಂಪ್ಯೂಟರಿಗೆ ತುಂಬುವ ಕೆಲಸ ಸಿಕ್ಕಿತು. ಈಗಲೂ ಗಂಡ ಸ್ಕೂಟರಿನಲ್ಲಿ ಹೆದ್ದಾರಿಯವರೆಗೆ ಬಿಡುತ್ತಾರೆ. ಪಿಂಪಳಗಾಂವ್ ಕಡೆಯಿಂದ ಬರುವ ಬಸ್ಸು ಹಿಡಿದು, ನಾಸಿಕದಲ್ಲಿ ಇನ್ನೊಂದಕ್ಕೆ ಹತ್ತಿ ಇಲ್ಲಿಗೆ ಬರುತ್ತಾರೆ. ಬಸ್ಸಿನಲ್ಲಿ ಈರುಳ್ಳಿ ಚೀಲಗಳ ನಡುವೆ ನಿಂತು ಬಂದ ದಿನ ಇಡೀ ಆಫೀಸಿಗೆ ಈರುಳ್ಳಿ ವಾಸನೆ ಬರುತ್ತದೆ ಎಂದು ಸಹೋದ್ಯೋಗಿಗಳು ಕಾಡಿಸುತ್ತಾರೆ. ಅವರು ಅದಕ್ಕೆ ನಗುತ್ತಾರೆ.

ವಿಶ್ವನಾಥಪ್ಪನವರ ಪರಿಚಯವಾದದ್ದು 2009ರಲ್ಲಿ. ವಾಳೂಜದ ಉಗ್ರಾಣಕ್ಕೆ ಹೊಸ ಸ್ಟಾಕ್ ಪ್ರೋಗ್ರಾಂ ಬಂದಿತ್ತು. ಅದನ್ನು ಹೇಳಿಕೊಡಲು ಅಂಬಡದಿಂದ ಸುಭದ್ರಾ ಅವರನ್ನು ಕಳಿಸಿದ್ದರು. ಉಗ್ರಾಣದ ಮುಖ್ಯಸ್ಥರಾಗಿದ್ದ ವಿಶ್ವನಾಥಪ್ಪ ಕಲಬುರಗಿ ಜಿಲ್ಲೆಯವರು. ಬೆಳಿಗ್ಗೆ ಹಣೆಗೆ ಹಚ್ಚಿದ ವಿಭೂತಿ ಸಂಜೆಯವರೆಗೂ ಅಳಿಸದ ಮನುಷ್ಯ. ಅವರು ಒಂದೇ ಬೆರಳಿನಲ್ಲಿ, ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳುತ್ತ ಪಾಸ್‌ವರ್ಡ್ ಹೊಡೆಯಲು ಶುರುಮಾಡಿದಾಗ, ಪಕ್ಕದಲ್ಲಿದ್ದ ಸುಭದ್ರಾ ಎದ್ದು ಗೋಡೆಯ ಕಡೆ ಮುಖಮಾಡಿ ನಿಂತರು.

"ಅದು ನಮ್ಮವ್ವ ಕಲಿಸಿದ್ದರಿ," ಎನ್ನುತ್ತಾರೆ ಸುಭದ್ರಾ. "ಯಾರರ ಪೆಟ್ಟಿಗಿ ತೆಗಿಯೋ ಹೊತ್ತಿಗೆ ನಾವು ಮಾರಿ ಆ ಕಡಿ ಮಾಡಬೇಕು. ನಮ್ಮ ಅತ್ತಿ ತಿಜೋರಿ ತೆಗದ್ರ ಈಗೂ ನಾ ಕಿಡಕ್ಯಾಗ ನೋಡ್ತೀನಿ. ಕಂಪ್ಯೂಟರಿಗಿ ಬ್ಯಾರೆ ರೀತಿ ಯಾಕ ಬೇಕು?"

ವಿಶ್ವನಾಥಪ್ಪನವರಿಗೆ ಇದು ಸರಿಬರಲಿಲ್ಲ. ಊರ ಕಡೆಯ ಹೆಣ್ಣುಮಗಳು ತಮ್ಮ ಮುಂದೆ ಬೆನ್ನು ತಿರುಗಿಸಿದ್ದು ಅವಮಾನವೆನಿಸಿತು. "ಯಾಕವ್ವ, ನಾ ಏನ್ ನಿನಗ ಪರಕೀ ಏನು? ಭಾಲ್ಕಿ ಮಗಳು ನಮಗೂ ಮಗಳೇ ಅಲ್ಲ. ಬಾ, ನೋಡು, ಬರಕೋ" ಎಂದು ಇಡೀ ಹಾಲ್‌ಗೆ ಕೇಳುವಂತೆ ಪಾಸ್‌ವರ್ಡ್ ಹೇಳಿಬಿಟ್ಟರು. ಹಾಲ್‌ನಲ್ಲಿದ್ದವರು ನಕ್ಕರು, ಏಕೆಂದರೆ ಅದು ಎಲ್ಲರಿಗೂ ಮೊದಲೇ ಗೊತ್ತಿತ್ತು. ರಜೆಗೆ ಊರಿಗೆ ಹೋಗುವಾಗ ಮನೆಯ ಬೀಗದಕೈಯನ್ನು ನೆರೆಯವರಿಗೆ ಕೊಡುವಂತೆ ಅವರು ಪಾಸ್‌ವರ್ಡನ್ನೂ ಕೊಟ್ಟುಹೋಗುತ್ತಿದ್ದರು. ಬೇಡ ಎಂದವರ ಮೇಲೆ ಮುನಿಸಿಕೊಳ್ಳುತ್ತಿದ್ದರು. ಮನುಷ್ಯ ಅಷ್ಟು ಧಾರಾಳಿ.

ಎರಡು ವರ್ಷದ ಮೇಲೆ ಖಂಡೇನವಮಿ ಬಂತು. ಆಯುಧಪೂಜೆಯ ದಿನ ಈ ಕಡೆಯ ಕಾರ್ಖಾನೆಗಳಲ್ಲಿ ಲೇತಿನಿಂದ ಲಾರಿಯವರೆಗೆ ಎಲ್ಲಕ್ಕೂ ಹೂವು, ಅರಿಶಿನ, ಕುಂಕುಮ. ಕಂಪ್ಯೂಟರ್ ಬಂದ ಮೇಲೆ ಅದಕ್ಕೂ ಪಾಲು ಸಿಕ್ಕಿತು. ಅದಕ್ಕೊಂದು ಪದ್ಧತಿಯೂ ಬೆಳೆಯಿತು. ಪರದೆ ಕಪ್ಪಾಗಿರಬಾರದು, ಬೆಳಗುತ್ತಿರಬೇಕು. ಆದ್ದರಿಂದ ಎಲ್ಲರೂ ಪಾಸ್‌ವರ್ಡ್ ಹೊಡೆದು, ದಿನದ ಕೆಲಸದ ಪುಟ ತೆರೆದಿಟ್ಟು ಪೂಜೆ ಮಾಡುತ್ತಿದ್ದರು. ಆರತಿ ಬೆಳಗಿದ ಮೇಲೆ ಅದನ್ನು ಮುಟ್ಟುವಂತಿಲ್ಲ, ಬಂದ್ ಅಂತೂ ಮಾಡುವಂತೆಯೇ ಇಲ್ಲ. ದಸರಾ ರಜೆ ಮುಗಿಯುವವರೆಗೆ ಅಷ್ಟೂ ಕಂಪ್ಯೂಟರುಗಳು ಬಾಗಿಲು ತೆರೆದ ಮನೆಯಂತೆ ಇರುತ್ತಿದ್ದವು. ಆ ದಿನ ಪ್ರಸಾದಕ್ಕೆ ಯಾರು ಬೇಕಾದರೂ ಬರಬಹುದು. ನೌಕರರ ಮನೆಯವರು, ಲಾರಿಯವರು, ಮಾಲು ಕೊಡುವವರು, ಪಕ್ಕದ ಕಾರ್ಖಾನೆಯವರು, ಎಲ್ಲರಿಗೂ ಬಾಗಿಲು ತೆರೆದೇ ಇತ್ತು.

2011ರ ಆ ಖಂಡೇನವಮಿಯಂದು ವಾಳೂಜದಲ್ಲಿ ಯಾರೋ ವಿಶ್ವನಾಥಪ್ಪನವರ ಕಂಪ್ಯೂಟರಿನ ಮುಂದೆ ಕೂತರು. ಒಂದು ಹೊಸ ಬಿಡಿಭಾಗದ ನಕ್ಷೆಗಳು ಅವರ ಮೇಲ್‌ನಿಂದಲೇ ಗುರುತಿಲ್ಲದ ವಿಳಾಸಕ್ಕೆ ಹೋದವು. ಸ್ವಲ್ಪ ದಿನದಲ್ಲೇ ಅದೇ ಬಿಡಿಭಾಗ ಬೇರೊಬ್ಬರ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಗಿರಾಕಿ ಕೈಬಿಟ್ಟು ಹೋದ. ಯಾರು ಕಳಿಸಿದ್ದು ಎಂಬುದು ಇಂದಿಗೂ ಗೊತ್ತಾಗಿಲ್ಲ. ಗೊತ್ತಿದ್ದದ್ದು ಒಂದೇ, ಅದು ಹೋದದ್ದು ವಿಶ್ವನಾಥಪ್ಪನವರ ಹೆಸರಿನಲ್ಲಿ. ವಿಚಾರಣೆಯಲ್ಲಿ ಅವರು ಹೇಳಿದ್ದೂ ಒಂದೇ ಮಾತು: "ಪೂಜಾ ಮಾಡಿದ ಮಷೀನ್ ನಾ ಹ್ಯಾಂಗ ಬಂದ್ ಮಾಡ್ಲಿ?"

ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಪಾಸ್‌ವರ್ಡ್ ಕಿತ್ತುಕೊಂಡು ಪ್ಯಾಕಿಂಗ್ ಶೆಡ್ಡಿಗೆ ಕಳಿಸಿದರು. ಉಗ್ರಾಣದ ಮುಖ್ಯಸ್ಥ ಪೆಟ್ಟಿಗೆಗಳಿಗೆ ಚೀಟಿ ಅಂಟಿಸತೊಡಗಿದರು. ವಿಚಿತ್ರವೆಂದರೆ ಗೋದಾಮಿನ ಬೀಗದಕೈ ಗೊಂಚಲನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ. ಅದು ಈಗಲೂ ಅವರ ಸೊಂಟದಲ್ಲೇ ಇದೆ.

"ಕಳ್ಳ ಅಂದ್ರ ಕೀಲಿಕೈ ಯಾಕ ಬಿಟ್ಟೀರಿ? ಸಾಚಾ ಅಂದ್ರ ಪಾಸ್‌ವರ್ಡ್ ಯಾಕ ಕಸಗೊಂಡೀರಿ?" ಎಂದು ಆಮೇಲೊಮ್ಮೆ ಅವರು ನನ್ನನ್ನೇ ಕೇಳುತ್ತಾರೆ.

ಆ ಘಟನೆಯ ನಂತರ ಪುಣೆಯಿಂದ ಒಬ್ಬ ತಜ್ಞರನ್ನು ಕರೆಸಿದರು. ಅವರು ಇಂಗ್ಲಿಷಿನಲ್ಲಿ ಸ್ಲೈಡುಗಳನ್ನು ತೋರಿಸಿ ಮಾತಾಡಿದರು. ಊಟವಾದ ಮೇಲಿನ ಹೊತ್ತು, ಫ್ಯಾನು ತಿರುಗುತ್ತಿತ್ತು, ಅರ್ಧ ಹಾಲ್ ತೂಕಡಿಸಿತು. ಇಂಥ ಭಾಷಣಗಳನ್ನು ನಾನೂ ಸಾಕಷ್ಟು ಕೇಳಿದ್ದೇನೆ, ತೂಕಡಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ಕೊನೆಗೆ ಸಾಹೇಬರು, ಇದನ್ನೇ ಮರಾಠಿ ಮತ್ತು ಕನ್ನಡದಲ್ಲಿ ಎರಡು ಮಾತು ಹೇಳಿ ಎಂದು ಸುಭದ್ರಾ ಅವರನ್ನು ಎಬ್ಬಿಸಿದರು. ಅವರು ಕೀಲಿ, ಕೀಲಿಕೈ, ತಿಜೋರಿ, ಅಪರಿಚಿತರ ಪ್ರಸಾದ ಎಂದು ಮನೆಮಾತಿನಲ್ಲಿ ಹೇಳಿದರು. ಜನ ಎದ್ದು ಕೂತರು. ಮಾರನೆಯ ದಿನದಿಂದ ಆ ಕೆಲಸ ಅವರ ಕೊರಳಿಗೆ ಬಿತ್ತು. ಸಂಬಳ ಅಷ್ಟೇ ಇತ್ತು, ಬೈಗುಳ ಮಾತ್ರ ಹೊಸದಾಗಿ ಸೇರಿತು.

ಬೈಗುಳ ಎಂದರೆ ಬೈಗುಳವೇ. ಪಾಸ್‌ವರ್ಡ್ ಹೊಡೆಯುವವರ ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಂತರೆ, ದೊಡ್ಡ ಸಾಚಾ ಬಂದಳು ಎನ್ನುತ್ತಿದ್ದರು. ಪೆನ್‌ಡ್ರೈವ್ ಕಿತ್ತಿಟ್ಟರೆ ಕಳ್ಳಿ ಎನ್ನುತ್ತಿದ್ದರು. 2012ರ ಖಂಡೇನವಮಿಗೆ, ಪೂಜೆಯಾದ ಮೇಲೆ ಕಂಪ್ಯೂಟರ್ ಬಂದ್ ಮಾಡಿ ಎಂದಾಗಲಂತೂ ಗಲಾಟೆಯೇ ಎದ್ದಿತು. ಆರತಿ ಬೆಳಗಿದ್ದನ್ನು ಆರಿಸುವುದೇ, ಈ ಹೆಂಗಸಿಗೆ ದೇವರ ಹೆದರಿಕೆ ಇಲ್ಲವೇ ಎಂದು ಯೂನಿಯನ್ನಿನವರು ಸಾಹೇಬರ ಕೋಣೆಗೆ ನುಗ್ಗಿದರು. ಆ ದಿನ ಬಸ್ಸಿನಲ್ಲಿ ಅಳುತ್ತ ಮನೆಗೆ ಹೋದೆ ಎಂದು ಸುಭದ್ರಾ ಸಂಕೋಚವಿಲ್ಲದೆ ಹೇಳುತ್ತಾರೆ.

ದಾರಿ ತೋರಿಸಿದ್ದು ಅತ್ತೆ ಸುಶೀಲಾಬಾಯಿ. ಸೊಸೆ ಅತ್ತದ್ದರ ಕಾರಣ ಕೇಳಿ ಅವರು ದೇವರ ಕೋಣೆ ತೋರಿಸಿದರು. "ನಾವು ದಿನಾ ದೀಪಾ ಹಚ್ಚಿ ಏನ್ ಮಾಡ್ತೀವಿ? ಬೆಕ್ಕು ಹೋಗಬಾರದಂತ ಚಿಲಕಾ ಹಾಕ್ತೀವಿ. ಚಿಲಕಾ ಹಾಕಿದ್ರ ದೀಪಾ ಆರ್ತದೇನು?"

ಮಾರನೆಯ ವರ್ಷ ಸುಭದ್ರಾ ಎಲ್ಲ ಕಂಪ್ಯೂಟರುಗಳಲ್ಲೂ, ಬೀಗ ಹಾಕಿದಾಗ ಕಾಣುವ ಪರದೆಗೆ ಹೊತ್ತಿದ ಸಮೆ ದೀಪದ ಚಿತ್ರ ಹಾಕಿದರು. ಪರದೆ ಕಪ್ಪಾಗದಂತೆ ಹೊಂದಿಸಿದರು. ಪೂಜೆ ಮೊದಲಿನಂತೆಯೇ, ಕಂಪ್ಯೂಟರ್ ಚಾಲೂ, ಪರದೆ ಬೆಳಗುತ್ತದೆ, ಆದರೆ ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗಲಾಗದು. ಯೂನಿಯನ್ನಿನವರು ಬಂದು ನೋಡಿ ತಕರಾರು ಹೂಡಲು ಏನೂ ಸಿಗದೆ ಪ್ರಸಾದ ತಿಂದು ಹೋದರು. ಅಲ್ಲಿಂದ ಅವರ ಪಾಠಕ್ಕೆ ಒಂದು ಸಾಲು ಖಾಯಂ ಆಯಿತು: ಎದ್ದರೆ ಎರಡು ಗುಂಡಿ. ಕುರ್ಚಿಯಿಂದ ಎದ್ದ ಕೂಡಲೇ ವಿಂಡೋಸ್ ಗುಂಡಿ ಮತ್ತು 'ಎಲ್' ಗುಂಡಿ ಒಟ್ಟಿಗೆ ಒತ್ತಿದರೆ ಕಂಪ್ಯೂಟರಿಗೆ ಬೀಗ ಬೀಳುತ್ತದೆ. ನೀರು ಕುಡಿಯಲು ಎದ್ದರೂ ಎರಡು ಗುಂಡಿ, ಸಾಹೇಬರು ಕರೆದರೂ ಎರಡು ಗುಂಡಿ.

ಅವರ ಇನ್ನೊಂದು ನಿಯಮ ಗಂಡನ ಕಸುಬಿನಿಂದ ಬಂದದ್ದು. ಲಿಂಗರಾಜು ಮಿತಭಾಷಿ, ಆದರೆ ಕೆಲಸದ ಮಾತು ಬಂದರೆ ಬಾಯಿ ಬಿಡುತ್ತಾರೆ. "ವಿಮಾನದ ಹೊಟ್ಟಿ ಮುಚ್ಚೋಕಿನ್ನ ಮೊದಲ ಎಲ್ಲಾ ಪಾನಾ, ಸ್ಪ್ಯಾನರ್ ತಮ್ಮ ತಮ್ಮ ಜಾಗಾಕ್ಕ ಬಂದಿರಬೇಕ್ರಿ. ಒಂದು ಕಮ್ಮಿ ಬಿದ್ರ ಬಾಯಿ ಬಿಟ್ಟು ಹೇಳಬೇಕು. ಹೇಳಿದಂವಗ ಬೈಯೂದಲ್ಲ. ಮುಚ್ಚಿಟ್ಟಂವನ ಕತಿ ಬ್ಯಾರೆ," ಎನ್ನುತ್ತಾರೆ. ಹಾಗಾಗಿ ಸುಭದ್ರಾ ತಪ್ಪು ಮಾಡಿ ಬಂದು ಹೇಳಿದವರಿಗೆ ಬೈಯುವುದಿಲ್ಲ.

ಇದರ ಲಾಭ ಕಂಡವರು ಲೆಕ್ಕಪತ್ರ ವಿಭಾಗದ ಭಾಗ್ಯಶ್ರೀ. ಬೀದರ್ ಮೂಲದ ಮನೆತನ, ಹುಟ್ಟಿದ್ದು ನಾಸಿಕದಲ್ಲಿ, ಕನ್ನಡ ಅರ್ಧ ಬರುತ್ತದೆ. ಕಳೆದ ವರ್ಷ ಕೊರಿಯರ್ ಬಿಲ್ ಎಂದು ಬಂದ ಮೇಲ್ ಒಂದನ್ನು ತೆರೆದುಬಿಟ್ಟರು. "ಸ್ಕ್ರೀನ್ ಮ್ಯಾಲ ಒಂದೊಂದೇ ಫೈಲಿನ ನಾವ್, ಅಂದ್ರ ಹೆಸರು ಬದಲಿ ಆಗ್ಲಿಕತ್ತಿತ್ತು. ನಾ ಏಕ್‌ದಮ್ ಘಾಬರಿ. ನೋಕರಿ ಗೇಲಿ, ಹೋತು ಅಂತ ಅನ್ಕೊಂಡೆ. ಸುಭದ್ರಾ ಮಾವಶೀಗಿ ಫೋನ್ ಮಾಡಿ, ನಾ ಏನೋ ಓಪನ್ ಮಾಡ್ಬಿಟ್ಟೆ ಅಂದೆ. ಅವರು ಬೈದೇ ಇಲ್ಲ. ನೀಲಿ ವಾಯರ್ ಕಿತ್ತು ತೆಗಿ, ಹಂಗೇ ಕೂಡು, ಬಂದೆ ಅಂದ್ರು, ಬಸ್." ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಆ ನೀಲಿ ತಂತಿ ಕಿತ್ತದ್ದರಿಂದ ಹಾಳಾದದ್ದು ಅವರ ಒಂದು ಕಂಪ್ಯೂಟರು ಮಾತ್ರ. ಹೆದರಿ ಸುಮ್ಮನೆ ಕೂತಿದ್ದರೆ ಎರಡೂ ಘಟಕಗಳ ಕಡತಗಳು ಬೀಗ ಹಾಕಿಕೊಂಡು ಕೂರುತ್ತಿದ್ದವು.

ಇಷ್ಟೆಲ್ಲ ಆದರೂ ಸುಭದ್ರಾ ಅವರಿಗೆ ಒಂದು ವಿಷಯ ಚುಚ್ಚುತ್ತಲೇ ಇತ್ತು. ತಿಂಗಳಿಗೆ ಎರಡು ಸಲ ವಾಳೂಜಕ್ಕೆ ಹೋದಾಗ ಪ್ಯಾಕಿಂಗ್ ಶೆಡ್ಡಿನ ಮುಂದೆ ಹಾಯಬೇಕು. ವಿಶ್ವನಾಥಪ್ಪ ಅಂಟಿನ ಬ್ರಷ್ ಹಿಡಿದು ಕೂತಿರುತ್ತಾರೆ. "ಅರಾಮ್ ಅದೀರಿ ಕಾಕಾ?" ಎಂದರೆ, "ಅದೀನವ್ವ" ಎಂದು ತಲೆ ತಗ್ಗಿಸುತ್ತಾರೆ. ಸುಭದ್ರಾ ಪ್ರತಿ ದಸರಾಕ್ಕೂ ಎರಡೂ ಘಟಕಗಳ ವ್ಯವಸ್ಥಾಪಕ ಮನೋಜ ದೇಶಮುಖರನ್ನು ಕೇಳಿದ್ದಾರೆ, ಕಾಕಾನಿಗೆ ಕಂಪ್ಯೂಟರ್ ವಾಪಸು ಕೊಡಿ ಎಂದು. ಅವರು ಪ್ರತಿ ದಸರಾಕ್ಕೂ ನೋಡೋಣ ಎಂದಿದ್ದಾರೆ.

ಈ ತಿಂಗಳ ಕೊನೆಗೆ ವಿಶ್ವನಾಥಪ್ಪ ನಿವೃತ್ತರಾಗುತ್ತಾರೆ. ಕಳ್ಳನೆಂದು ಯಾರೂ ಹೇಳಿಲ್ಲ, ಅಲ್ಲವೆಂದೂ ಹೇಳಿಲ್ಲ. ಹೀಗೇ ಮನೆಗೆ ಹೋಗುವುದು ಅವರಿಗೆ ಸಾಯುವಷ್ಟು ಸಂಕಟ. ಸುಭದ್ರಾ ಈ ಸಲ ಮನೋಜರ ಮುಂದೆ ಬಿಗಿಯಾಗಿಯೇ ಮಾತಾಡಿದ್ದಾರೆ. "ಅವರ ಕೈಯಾಗ ಒಂದು ಪಾಸ್‌ವರ್ಡ್ ಕೊಡ್ಲಿಕ್ಕೆ ಆಗಂಗಿಲ್ಲ ಅಂದ್ರ ನಾ ಐದು ವರ್ಷ ಕಲಿಸಿದ್ದು ಏನು ಸಾಹೇಬ್ರ ಅಂದೆ," ಎಂದು ಆ ಮಾತನ್ನು ನನಗೆ ಕನ್ನಡದಲ್ಲಿ ಹೇಳುತ್ತಾರೆ.

ಮನೋಜ ಒಪ್ಪಿದ್ದಾರೆ, ಆದರೆ ಸುಲಭಕ್ಕಲ್ಲ. "ಖಂಡೇನವಮಿಯ ದಿನವೇ ಕೊಡುತ್ತೇನೆ. ನೂರು ಜನ ಬರುವ ದಿನ ಅವರ ಕಂಪ್ಯೂಟರು ತೆರೆದು ಬಿದ್ದಿರುವುದು ಕಂಡರೆ ಅಲ್ಲಿಗೆ ಮುಗಿಯಿತು. ಅವರಿಗೆ ಇನ್ನು ಕಂಪ್ಯೂಟರಿಲ್ಲ, ನಿಮಗೆ ಈ ಕೆಲಸವೂ ಇಲ್ಲ" ಎಂಬುದು ಅವರ ಷರತ್ತು. ನಾನು ಕೇಳಿದಾಗಲೂ ಅವರು ಇದನ್ನೇ ಮರಾಠಿಯಲ್ಲಿ ನಿರ್ವಿಕಾರವಾಗಿ ಹೇಳುತ್ತಾರೆ. ಗಿರಾಕಿ ಕಳೆದುಕೊಂಡವರ ಎಚ್ಚರ ಅದು, ತಪ್ಪೆನ್ನಲಾರೆ.

ಖಂಡೇನವಮಿಯ ಬೆಳಿಗ್ಗೆ ಮೊದಲ ಬಸ್ಸಿಗೆ ನಾವು ನಾಸಿಕ ಬಿಡುತ್ತೇವೆ. ಬೋರ್ಡಿನ ಮೇಲೆ ಔರಂಗಾಬಾದ್ ಎಂದಿದೆ, ಕಂಡಕ್ಟರ್ ಅದೇ ಊರನ್ನು ಸಂಭಾಜಿನಗರ ಎಂದು ಕೂಗುತ್ತಾನೆ. ವೈಜಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಾಗಲೂ ಸುಭದ್ರಾ ಇಳಿಯುವುದಿಲ್ಲ. ಕಾಕಾನಿಗೆ ಎರಡು ಗುಂಡಿಯ ಪಾಠ ಹೇಳಿದ್ದೀರಾ ಎಂದು ಕೇಳುತ್ತೇನೆ. "ಹೋದ ಸಲ ಬಂದಾಗ ಒಮ್ಮೆ ಹೇಳೀನ್ರಿ. ಇವತ್ತು ಹೇಳಂಗಿಲ್ಲ. ಇವತ್ತು ನಾ ಕಣ್ಣು ಸನ್ನಿ ಮಾಡಿದ್ರ ಅದು ಅವರದಲ್ಲ, ನಂದು ಆಗ್ತದ," ಎನ್ನುತ್ತಾರೆ. ಹೆದರಿಕೆ ಆಗುತ್ತಿದೆಯೇ ಎಂದರೆ, "ಭಾಳ" ಎನ್ನುತ್ತಾರೆ.

ವಾಳೂಜದ ಹಾಲ್ ಆಗಲೇ ಚೆಂಡು ಹೂವಿನಿಂದ ತುಂಬಿದೆ. ವಿಶ್ವನಾಥಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ತಮ್ಮ ಹಳೆಯ ಮೇಜಿನ ಪಕ್ಕದಲ್ಲಿ ನಿಂತಿದ್ದಾರೆ. ಯಾರೂ ಕೂರು ಎಂದು ಹೇಳಿಲ್ಲವಾದ್ದರಿಂದ ಕೂತಿಲ್ಲ. ಸುಭದ್ರಾ ಕಂಪ್ಯೂಟರ್ ತೆರೆದು ಅವರ ಹೆಸರು ತುಂಬುತ್ತಾರೆ. ಆ ಹೆಸರಿನ ಖಾತೆಯನ್ನು ಚಾಲೂ ಮಾಡಲು ಮೊದಲು ಸುಭದ್ರಾ ತಮ್ಮ ಸ್ವಂತ ಪಾಸ್‌ವರ್ಡ್ ಹೊಡೆಯಬೇಕು. ಬೆರಳು ಕೀಬೋರ್ಡಿನ ಮೇಲೆ ಇಟ್ಟು ಒಂದು ಕ್ಷಣ ತಡೆಯುತ್ತಾರೆ.

ವಿಶ್ವನಾಥಪ್ಪ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ.

ಸೊಂಟದ ಬೀಗದಕೈ ಗೊಂಚಲು ಸಣ್ಣಗೆ ಸದ್ದು ಮಾಡುತ್ತದೆ. ಸುಭದ್ರಾ ಪಾಸ್‌ವರ್ಡ್ ಹೊಡೆದು ಮುಗಿಸಿ, "ಆತ್ರಿ ಕಾಕಾ, ಬರ್ರಿ, ಕೂಡ್ರಿ. ಈಗ ನಿಮ್ಮದು" ಎಂದು ಎದ್ದು, ಅದೇ ಗೋಡೆಗೆ ತಾವು ಮುಖಮಾಡಿ ನಿಲ್ಲುತ್ತಾರೆ. ವಿಶ್ವನಾಥಪ್ಪ ಒಂದೇ ಬೆರಳಿನಲ್ಲಿ ಹೊಡೆಯುತ್ತಾರೆ. ಬಾಯಿ ಅಲುಗುತ್ತದೆ, ಸದ್ದು ಬರುವುದಿಲ್ಲ. ಬಹಳ ಹೊತ್ತಾಗುತ್ತದೆ. "ತಿರುಗವ್ವ, ಆತು," ಎಂದು ಪರದೆಗೆ ಕೈ ಮುಗಿಯುತ್ತಾರೆ. ಅಷ್ಟು ದೂರದಲ್ಲಿ ಕೂತ ನನ್ನ 'ನಿರ್ಲಿಪ್ತ' ವರದಿಗಾರಿಕೆಯೂ ಅಲ್ಲಿಗೆ ಮುಗಿಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಪೂಜೆ ಶುರುವಾಗುತ್ತದೆ. ಉಳಿದವರು ತಮ್ಮ ತಮ್ಮ ಕಂಪ್ಯೂಟರಿಗೆ ಅರಿಶಿನ, ಕುಂಕುಮ ಹಚ್ಚುತ್ತಾರೆ. ವಿಶ್ವನಾಥಪ್ಪ ಜೇಬಿನಿಂದ ವಿಭೂತಿ ತೆಗೆದು ಪರದೆಯ ಮೇಲಂಚಿಗೆ ಮೂರು ಬೆರಳಿನಲ್ಲಿ ಎಳೆಯುತ್ತಾರೆ. ಒಳಗೆ ಉಗ್ರಾಣದ ಪುಟ ತೆರೆದಿದೆ. ಅದನ್ನು ಅವರು ನೋಡುತ್ತಿರುವುದನ್ನು ನೋಡಿದರೆ ಊರಿಗೆ ವಾಪಸು ಬಂದವರಂತೆ ಕಾಣುತ್ತಾರೆ. ಆರತಿಯಾಗುತ್ತದೆ. ಜನ ನುಗ್ಗಿ ಬರುತ್ತಾರೆ, ಲಾರಿಯವರು, ಪಕ್ಕದ ಕಾರ್ಖಾನೆಯವರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು. ಮನೋಜ ಬಾಗಿಲಲ್ಲಿ ನಿಂತಿದ್ದಾರೆ, ಕಣ್ಣು ಆ ಒಂದು ಮೇಜಿನ ಮೇಲೆ.

ಅಷ್ಟರಲ್ಲಿ ಯಾರೋ ಕೂಗುತ್ತಾರೆ. "ಕಾಕಾ, ಲೇತಿನ ಪೂಜಾ ನಿಮ್ಮ ಕೈಲೆ ಆಗ್ಲಿ, ಬರ್ರಿ!" ಐದು ವರ್ಷದಿಂದ ಅವರನ್ನು ಯಾರೂ ಹಾಗೆ ಕರೆದಿಲ್ಲ. ವಿಶ್ವನಾಥಪ್ಪ ದಡಬಡಿಸಿ ಎದ್ದು, ಆರತಿ ತಟ್ಟೆ ತೆಗೆದುಕೊಂಡು ಹೊರಟೇಬಿಡುತ್ತಾರೆ. ಪರದೆ ತೆರೆದೇ ಇದೆ. ಸುಭದ್ರಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಾರೆ. ಮನೋಜ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬರುತ್ತಾರೆ.

ಗುಂಪಿನ ನಡುವೆ ವಿಶ್ವನಾಥಪ್ಪ ನಿಲ್ಲುತ್ತಾರೆ. ಏನೋ ನೆನಪಾದವರಂತೆ ತಿರುಗಿ, "ತಡೀರಿ, ತಡೀರಿ" ಎಂದು ಜನರನ್ನು ಸರಿಸಿಕೊಂಡು ಹಿಂದಕ್ಕೆ ಬರುತ್ತಾರೆ. ತಟ್ಟೆಯನ್ನು ಎಡಗೈಗೆ ಹಿಡಿದು, ಬಲಗೈಯ ಎರಡು ಬೆರಳನ್ನು ಅಗಲಿಸಿ ಕೀಬೋರ್ಡಿನ ಮೇಲೆ ಇಡುತ್ತಾರೆ. ಪುಟ ಮರೆಯಾಗಿ ಸಮೆಯ ಚಿತ್ರ ಬರುತ್ತದೆ. ಬೀಗ ಬಿದ್ದಿತೇ ಎಂದು ಅವರು ಬಗ್ಗಿ ಮತ್ತೊಮ್ಮೆ ನೋಡುತ್ತಾರೆ. ಆಮೇಲೆ, ಯಾರ ಕಡೆಗೂ ನೋಡದೆ, ಲೇತಿನ ಪೂಜೆಗೆ ನಡೆಯುತ್ತಾರೆ. ಮನೋಜ ತಲೆಯಾಡಿಸಿ ಪ್ರಸಾದದ ಸಾಲಿಗೆ ಸೇರುತ್ತಾರೆ.

ಮಧ್ಯಾಹ್ನ ಹಾಲ್ ಖಾಲಿಯಾದ ಮೇಲೆ ಸುಭದ್ರಾ ಚೀಲದಿಂದ ಸೀರೆಯ ತುಂಡು ತೆಗೆಯುತ್ತಾರೆ. ಪೂಜೆಯ ದಿನ ಪೋಹೆಯ ಹಳದಿಗಿಂತ ಅರಿಶಿನ ಕುಂಕುಮದ ಕಾಟ ಹೆಚ್ಚು. ಒಂದೊಂದಾಗಿ ಕೀಬೋರ್ಡು ಒರೆಸುತ್ತ ಬರುತ್ತಾರೆ. ನಿಮ್ಮ ಆಸೆ ಏನು ಎಂದು, ಇಂಥ ಬರಹದಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನು ನಾನು ಕೇಳುತ್ತೇನೆ. ಕಾರ್ಡಿನಲ್ಲಿ ಹುದ್ದೆಯ ಹೆಸರು ಬದಲಾಗಲಿ ಎನ್ನುತ್ತಾರೇನೋ ಎಂದು ನನ್ನ ಊಹೆ.

"ಏನಿಲ್ರಿ. ಎರಡು ಫ್ಯಾಕ್ಟರಿ ಮಂದಿ ಒಳಗ ಒಬ್ಬರ ಪಾಸ್‌ವರ್ಡೂ ನನಗ ಗೊತ್ತಿಲ್ಲ. ಇವತ್ತಿಂದ ಕಾಕಾಂದೂ ಗೊತ್ತಿಲ್ಲ. ನಾ ರಿಟೈರ್ ಆಗೋ ತನಕ ಹಿಂಗೇ ಇದ್ರ ಸಾಕು."

ಮಾತಾಡುತ್ತ ಅವರು ವಿಶ್ವನಾಥಪ್ಪನವರ ಮೇಜಿಗೆ ಬಂದಿದ್ದಾರೆ. ಕೀಬೋರ್ಡು ಸ್ವಚ್ಛವಾಗಿದೆ. ಎರಡು ಗುಂಡಿಗಳ ಮೇಲೆ ಮಾತ್ರ ಬಿಳಿ ವಿಭೂತಿಯ ಬೆರಳಚ್ಚು ಇದೆ. ಸುಭದ್ರಾ ಬಟ್ಟೆ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದು ಮುಂದಿನ ಮೇಜಿಗೆ ಹೋಗುತ್ತಾರೆ. ಅದೊಂದು ಉಳಿಯಿತಲ್ಲ ಎಂದು ನಾನು ನೆನಪಿಸುತ್ತೇನೆ.

"ಇರಲಿ ಬಿಡ್ರಿ," ಎನ್ನುತ್ತಾರೆ ಪಾಸ್‌ವರ್ಡ್‌ಬಾಯಿ. "ಆ ಎರಡು ಬಟನ್ ಎಲ್ಲಾರೂ ನೋಡ್ಲಿ."